ಕಿಡ್ನಿ ಕಲ್ಲು: ನೋವು ಎದ್ದ ರಾತ್ರಿಯಿಂದ ಮತ್ತೆ ಕಟ್ಟದ ಹಾಗೆ ನೋಡಿಕೊಳ್ಳುವ ತನಕ

ಮೇ ತಿಂಗಳು. ಕೋಲಾರದ ಟೊಮೆಟೊ ಮಾರ್ಕೆಟ್ಟಿಗೆ ಲೋಡಿನ ಮೇಲೆ ಲೋಡು ಬಂದು ಬೀಳುವ ಕಾಲ. ನಾನು ಅಲ್ಲೊಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಗ್ಗೆ ಕೂತರೆ ಹರಾಜು ಮುಗಿಯುವ ತನಕ ಏಳುವಂತಿಲ್ಲ, ಎದ್ದರೆ ಕ್ರೇಟಿನ ಎಣಿಕೆ ತಪ್ಪುತ್ತದೆ. ನೀರು ಕುಡಿದರೆ ಒಂದಕ್ಕೆ ಎದ್ದು ಹೋಗಬೇಕಲ್ಲ, ಅದಕ್ಕೇ ಕುಡಿಯುತ್ತಿರಲಿಲ್ಲ. ಟೀ ಮಾತ್ರ ಆರೇಳು ಸಲ. ಹೀಗೆ ಹನ್ನೊಂದು ವರ್ಷ ಕಳೆದ ಮೇಲೆ ಒಂದು ರಾತ್ರಿ 2 ಗಂಟೆಗೆ ಎಡಪಕ್ಕೆಯ ಹಿಂದೆ ಯಾರೋ ಗುದ್ದಲಿ ಹಾಕಿ ಮೀಟಿದ ಹಾಗಾಯಿತು. ಗ್ಯಾಸ್ ಇರಬೇಕು ಅಂತ ಓಂಕಾಳಿನ ನೀರು ಕುಡಿದೆ. ಕಾಲು ಗಂಟೆಯಲ್ಲಿ ನೆಲದ ಮೇಲೆ ಹೊರಳಾಡುತ್ತಿದ್ದೆ. ಬೆಳಗ್ಗೆ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಯಿತು: 6 ಮಿ.ಮೀ. ಕಲ್ಲು, ಮೂತ್ರನಾಳದ ಕೆಳತುದಿಯಲ್ಲಿ.

ಅದು ಹೇಗೋ ಬಿದ್ದುಹೋಯಿತು, ಬುದ್ಧಿ ಮಾತ್ರ ಬರಲಿಲ್ಲ. ಮೂರು ವರ್ಷದ ಮೇಲೆ ಇನ್ನೊಂದು ಬಂತು, 9 ಮಿ.ಮೀ. ಆ ಸಲ ಆಪರೇಷನ್ನೇ ಆಯಿತು. ಆಮೇಲೆ ಡಾಕ್ಟರನ್ನು ಕೇಳಿ ಕೇಳಿ, ಓದಿ, ನನ್ನ ಮೈಮೇಲೇ ಪ್ರಯೋಗ ಮಾಡಿ ತಿಳಿದುಕೊಂಡದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಔಷಧಿ ಬರೆದುಕೊಡುವ ಕೆಲಸ ಡಾಕ್ಟರದ್ದು. ಅವರ ಹತ್ತಿರ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಅನ್ನುವುದು ನಮ್ಮ ಕೆಲಸ.

ಹಂತ 1: ಇದು ಕಲ್ಲಿನ ನೋವೇನಾ?

ಕಲ್ಲು ಕಿಡ್ನಿಯ ಒಳಗೆ ಸುಮ್ನೆ ಕೂತಿದ್ದರೆ ಎಷ್ಟೋ ಸಲ ನೋವೇ ಇರುವುದಿಲ್ಲ. ಅದು ಜಾರಿ ಮೂತ್ರನಾಳಕ್ಕೆ ಇಳಿದಾಗ ಶುರುವಾಗುತ್ತದೆ. ಕಿಡ್ನಿಯಿಂದ ಮೂತ್ರಚೀಲಕ್ಕೆ ಹೋಗುವ ಈ ನಾಳ ಒಂದು ಗೇಣಿಗಿಂತ ಸ್ವಲ್ಪ ಉದ್ದ, ಒಳಗಿನ ಅಗಲ 3–4 ಮಿ.ಮೀ. ಅಷ್ಟೆ. ಕಲ್ಲು ಸಿಕ್ಕಿಕೊಂಡರೆ ಹಿಂದೆ ಮೂತ್ರ ನಿಂತು ಕಿಡ್ನಿ ಉಬ್ಬುತ್ತದೆ, ನಾಳ ಕಲ್ಲನ್ನು ತಳ್ಳಲು ಹಿಂಡುತ್ತದೆ. ಅದಕ್ಕೇ ನೋವು ಅಲೆಅಲೆಯಾಗಿ ಬರುತ್ತದೆ. ಸೊಂಟದ ಮೇಲೆ, ಪಕ್ಕೆಯ ಹಿಂದೆ ಶುರುವಾಗಿ ಮುಂದಕ್ಕೆ, ಕೆಳಕ್ಕೆ, ತೊಡೆಸಂದಿಯ ತನಕ ಇಳಿಯುತ್ತದೆ. ಕಲ್ಲು ಮೂತ್ರಚೀಲದ ಬಾಗಿಲಿಗೆ ಬಂದಾಗ ಹತ್ತು ನಿಮಿಷಕ್ಕೊಮ್ಮೆ ಒಂದಕ್ಕೆ ಹೋಗಬೇಕು ಅನ್ನಿಸುತ್ತದೆ, ಹೋದರೆ ನಾಲ್ಕು ಹನಿ. ವಾಂತಿ ಸಾಮಾನ್ಯ. ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೋ ಕೆಂಪಗೋ ಬರಬಹುದು.

ಗುರುತಿಸಲು ಒಂದು ಸುಲಭದ ದಾರಿ ಇದೆ. ಕಲ್ಲಿನ ನೋವಿನವರು ಒಂದು ಕಡೆ ಮಲಗಲಾರರು. ಏಳುತ್ತಾರೆ, ಕೂರುತ್ತಾರೆ, ಗೋಡೆ ಹಿಡಿಯುತ್ತಾರೆ. ಅಪೆಂಡಿಕ್ಸ್ ನೋವಿನವರು ಅಲುಗಾಡದೆ ಮಲಗಿರುತ್ತಾರೆ, ಅಲುಗಿದರೆ ಅವರಿಗೆ ನೋವು ಜಾಸ್ತಿ. ಆದರೆ ಇದನ್ನೇ ನಂಬಿ ಮನೆಯಲ್ಲಿ ಕೂರಬೇಡಿ. ಮುಟ್ಟು ತಪ್ಪಿದ ಹೆಂಗಸರಿಗೆ ಹೊಟ್ಟೆಯ ಒಂದೇ ಕಡೆ ನೋವು ಬಂದರೆ ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿರಬಹುದು. ಹುಡುಗರಿಗೆ ಬೀಜ ತಿರುಚಿಕೊಂಡಿರಬಹುದು. 60 ದಾಟಿದ, ಬಿಪಿ ಇರುವವರಿಗೆ ಮೊದಲ ಸಲ ಇಂಥ ನೋವು ಬಂದರೆ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿರಬಹುದು. ಇವೆಲ್ಲ ಗಂಟೆಗಳ ಲೆಕ್ಕದಲ್ಲಿ ನೋಡಬೇಕಾದವು.

ಹಂತ 2: ಆ ರಾತ್ರಿ ಏನು ಮಾಡಬೇಕು

ಮೊದಲು ಥರ್ಮಾಮೀಟರ್ ಹುಡುಕಿ. ಪಕ್ಕೆನೋವಿನ ಜೊತೆ ಚಳಿಜ್ವರ ಇದ್ದರೆ ಬೆಳಗಾಗುವ ತನಕ ಕಾಯುವಂತಿಲ್ಲ. ಕಲ್ಲು ಅಡ್ಡ ನಿಂತು, ಅದರ ಹಿಂದಿನ ಮೂತ್ರದಲ್ಲಿ ಸೋಂಕು ಸೇರಿರಬಹುದು. ಅದು ರಕ್ತಕ್ಕೆ ಹತ್ತಲು ಹೆಚ್ಚು ಹೊತ್ತು ಬೇಡ. ಇಂಥವರಿಗೆ ಕಲ್ಲು ತೆಗೆಯುವ ಮಾತು ಆಮೇಲೆ, ಮೊದಲು ನಳಿಕೆ ಹಾಕಿ ಕಟ್ಟಿಕೊಂಡ ಮೂತ್ರ ಹೊರಗೆ ಬಿಡುತ್ತಾರೆ. ಸಕ್ಕರೆ ಕಾಯಿಲೆ ಇದ್ದರಂತೂ ಇನ್ನೂ ಅವಸರ. 108ಕ್ಕೆ ಫೋನ್ ಮಾಡಿ.

ಜ್ವರ ಇಲ್ಲದಿದ್ದರೂ ಮೂತ್ರ ಪೂರ್ತಿ ನಿಂತುಹೋದರೆ, ಇರುವುದು ಒಂದೇ ಕಿಡ್ನಿ ಆದರೆ, ಗರ್ಭಿಣಿ ಆದರೆ, ವಾಂತಿ ನಿಲ್ಲದೆ ಹೋದರೆ, ಮಾತ್ರೆಗೆ ನೋವು ಬಗ್ಗದಿದ್ದರೆ ಆ ರಾತ್ರಿಯೇ ಹೊರಡಿ.

ನೋವಿಗೆ ಡೈಕ್ಲೋಫೆನಾಕ್ ಗುಂಪಿನ ಔಷಧಿಗಳೇ ಮೊದಲ ಆಯ್ಕೆ, ನಾಳದ ಹಿಂಡುವಿಕೆಯನ್ನೂ ಊತವನ್ನೂ ಅವು ತಗ್ಗಿಸುತ್ತವೆ. ಆದರೆ ಕಿಡ್ನಿ ಕೆಲಸ ಕಮ್ಮಿಯಾದವರು, ಹೊಟ್ಟೆಹುಣ್ಣು ಇರುವವರು, ಹೃದಯದ ತೊಂದರೆ ಇರುವವರು, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು, ಗರ್ಭಿಣಿಯರು ಇದನ್ನು ಮೆಡಿಕಲ್ ಸ್ಟೋರಿನಿಂದ ತಂದು ನುಂಗಬಾರದು. ಅವರಿಗೆ ಬೇರೆ ದಾರಿ ಇದೆ, ಡಾಕ್ಟರ್ ಹೇಳುತ್ತಾರೆ. ಪಕ್ಕೆಗೆ ಬಿಸಿನೀರಿನ ಬ್ಯಾಗ್ ಇಟ್ಟರೆ ನಿಜಕ್ಕೂ ಹಾಯೆನಿಸುತ್ತದೆ.

ಇನ್ನೊಂದು. ನೋವು ಜೋರಾಗಿರುವಾಗ ಮನೆಯವರೆಲ್ಲ ಸೇರಿ ಚೊಂಬುಗಟ್ಟಲೆ ನೀರು ಕುಡಿಸುತ್ತಾರೆ, ಕಲ್ಲು ಕೊಚ್ಚಿಕೊಂಡು ಹೋಗಲಿ ಅಂತ. ನನಗೂ ಕುಡಿಸಿದರು, ಎಲ್ಲ ವಾಂತಿಯಾಯಿತು. ದಾರಿಯೇ ಕಟ್ಟಿರುವಾಗ ಹಿಂದಿನಿಂದ ನೀರು ಬಿಟ್ಟರೆ ಒತ್ತಡ ಏರಬಹುದು, ಕಲ್ಲು ಬೇಗ ಬೀಳುವುದಿಲ್ಲ. ಬಾಯಾರಿಕೆಗೆ ಬೇಕಾದಷ್ಟು ಕುಡಿದರೆ ಸಾಕು. ಹೊಟ್ಟೆ ತುಂಬ ನೀರು ಕುಡಿಯುವ ಕೆಲಸ ಮುಂದೆ ಇದೆ.

ಹಂತ 3: ಪರೀಕ್ಷೆ, ಮತ್ತು ಆ ರಿಪೋರ್ಟ್ ಓದುವುದು

ಸಾಮಾನ್ಯವಾಗಿ ಬರೆಯುವುದು ಮೂತ್ರ ಪರೀಕ್ಷೆ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ತೋರಿಸುವ ಅಳತೆ), ಬಿಳಿರಕ್ತಕಣದ ಎಣಿಕೆ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್. ಅಲ್ಟ್ರಾಸೌಂಡಿಗೆ ಮೂತ್ರ ಕಟ್ಟಿಕೊಂಡು ಹೋಗಬೇಕು. ನೋವಿನಲ್ಲಿ ಅದೊಂದು ಶಿಕ್ಷೆ, ಆದರೂ ಬೇಕು. ಮೂತ್ರಚೀಲ ತುಂಬಿದ್ದರೆ ಮಾತ್ರ ನಾಳದ ಕೆಳತುದಿ ಸರಿಯಾಗಿ ಕಾಣುತ್ತದೆ. ನಾಳದ ನಡುಭಾಗದ ಕಲ್ಲು ಅಲ್ಟ್ರಾಸೌಂಡಿನ ಕಣ್ಣು ತಪ್ಪಿಸುವುದು ಹೆಚ್ಚು. ಆಗ ಔಷಧಿ ಚುಚ್ಚದೆ ತೆಗೆಯುವ ಸಿಟಿ ಸ್ಕ್ಯಾನ್ ಬರೆಯುತ್ತಾರೆ, ಅದರಲ್ಲಿ ಹೆಚ್ಚುಕಮ್ಮಿ ಎಲ್ಲ ಕಲ್ಲೂ ಸಿಗುತ್ತದೆ. ಬರೀ ಎಕ್ಸ್‌ರೇಯಲ್ಲಿ ಯೂರಿಕ್ ಆಸಿಡ್ ಕಲ್ಲು (ಅದು ಕಲ್ಲಿನ ಒಂದು ಜಾತಿ) ಕಾಣುವುದೇ ಇಲ್ಲ. ಎಕ್ಸ್‌ರೇ ಕ್ಲೀನ್ ಬಂತು ಅಂತ ಖುಷಿಪಡುವ ಮೊದಲು ಇದು ನೆನಪಿರಲಿ. ಗರ್ಭಿಣಿಯರಿಗೆ ಅಲ್ಟ್ರಾಸೌಂಡೇ ಮೊದಲು.

ರಿಪೋರ್ಟಿನಲ್ಲಿ ಮೂರು ವಿಷಯ ನೋಡಿ. ಕಲ್ಲು ಎಷ್ಟು ಮಿ.ಮೀ., ಎಲ್ಲಿದೆ, ಮತ್ತು ‘ಹೈಡ್ರೋನೆಫ್ರೋಸಿಸ್’ ಅಂತ ಬರೆದಿದ್ದಾರಾ. ಈ ಮೂರನೆಯದು ಕಿಡ್ನಿ ಉಬ್ಬಿದೆ ಅನ್ನುವ ಮಾತು. ‘ವಿಯುಜೆ’ ಅಂದರೆ ನಾಳ ಮೂತ್ರಚೀಲ ಸೇರುವ ಜಾಗ. ನಾಳದಲ್ಲಿ ತೀರ ಇಕ್ಕಟ್ಟಾದ ತಾವು ಅದೇ, ಕಲ್ಲು ಬಂದು ನಿಲ್ಲುವುದೂ ಹೆಚ್ಚಾಗಿ ಅಲ್ಲೇ. ಸಿಟಿ ರಿಪೋರ್ಟಿನಲ್ಲಿ ‘ಎಚ್‌ಯು’ ಅಂತ ಒಂದು ಸಂಖ್ಯೆ ಇರುತ್ತದೆ, ಅದು ಕಲ್ಲಿನ ಗಟ್ಟಿತನದ ಅಂದಾಜು. 1000 ದಾಟಿದರೆ ಹೊರಗಿನ ಅಲೆಗಳಿಂದ ಪುಡಿ ಮಾಡುವುದು ಕಷ್ಟ.

ಇನ್ನು ಕೆಲವರು ಬೇರೇನಕ್ಕೋ ಸ್ಕ್ಯಾನ್ ಮಾಡಿಸಿ ‘2 ಮಿ.ಮೀ. ಕಲ್ಲಿದೆ’ ಅಂತ ಬರೆದದ್ದು ನೋಡಿ ನಿದ್ದೆ ಬಿಡುತ್ತಾರೆ. ಅಲ್ಟ್ರಾಸೌಂಡ್ ಸಣ್ಣ ಕಲ್ಲನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುವುದುಂಟು. ಕಿಡ್ನಿಯೊಳಗೆ ತೆಪ್ಪಗಿರುವ 2 ಮಿ.ಮೀ. ಚುಕ್ಕೆಗೆ ಆಪರೇಷನ್ ಬೇಡ. ನೀರು ಕುಡಿಯಿರಿ, ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ.

ಹಂತ 4: ಕಾಯುವುದಾ, ತೆಗೆಸುವುದಾ?

ನಾಳಕ್ಕೆ ಇಳಿದ ಕಲ್ಲು 5 ಮಿ.ಮೀ.ಗಿಂತ ಚಿಕ್ಕದಿದ್ದರೆ ಮೂವರಲ್ಲಿ ಇಬ್ಬರಿಗಾದರೂ ತಾನಾಗೇ ಬೀಳುತ್ತದೆ. 5ರಿಂದ 10ರ ನಡುವೆ ಇದ್ದರೆ ಸುಮಾರು ಅರ್ಧಕ್ಕರ್ಧ. 10 ದಾಟಿದರೆ ಆಸೆ ಕಮ್ಮಿ. ಜ್ವರ ಇಲ್ಲ, ನೋವು ಹಿಡಿತದಲ್ಲಿದೆ, ಕ್ರಿಯಾಟಿನಿನ್ ಸರಿ ಇದೆ ಅಂದರೆ ನಾಲ್ಕು ವಾರ, ಹೆಚ್ಚೆಂದರೆ ಆರು ವಾರ ಕಾಯಬಹುದು.

ನಾಳದ ಕೆಳಭಾಗದಲ್ಲಿ 5 ಮಿ.ಮೀ. ಮೇಲಿನ ಕಲ್ಲಿದ್ದರೆ ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ ಬರೆಯುವುದುಂಟು, ರಾತ್ರಿಗೊಂದು. ಅದು ನಾಳವನ್ನು ಸಡಿಲ ಮಾಡುತ್ತದೆ, ಜೊತೆಗೆ ಬಿಪಿಯನ್ನೂ ಸ್ವಲ್ಪ ಇಳಿಸುತ್ತದೆ. ನಡುರಾತ್ರಿ ದಡಕ್ಕನೆ ಎದ್ದು ನಾನು ಬಾಗಿಲಿಗೆ ಹಣೆ ಹೊಡೆಸಿಕೊಂಡಿದ್ದೇನೆ. ಎದ್ದು ಕೂತು, ಒಂದು ನಿಮಿಷ ಬಿಟ್ಟು ನಿಂತುಕೊಳ್ಳಿ.

ಈ ಕಾಯುವ ದಿನಗಳಲ್ಲಿ ಮೂತ್ರವನ್ನು ಸೋಸಬೇಕು. ಟೀ ಸೋಸುವ ಸಣ್ಣ ಕಣ್ಣಿನ ಜಾಲರಿ ಒಂದನ್ನು ಬೇರೆಯಾಗಿ ತಂದು ಬಚ್ಚಲಲ್ಲಿಡಿ. (ಅಡುಗೆಮನೆಯದನ್ನೇ ಒಯ್ದು ನಾನು ಬೈಸಿಕೊಂಡೆ.) ಹತ್ತೊಂಬತ್ತನೇ ದಿನ ಜಾಲರಿಯಲ್ಲಿ ಏನೋ ಕಂಡಿತು. ಸಾಸಿವೆಗಿಂತ ದೊಡ್ಡದು, ಕಂದು ಬಣ್ಣ, ಮೈಯೆಲ್ಲ ನೆಗ್ಗಿಲುಮುಳ್ಳಿನ ಕಾಯಿ ಥರ ಮುಳ್ಳುಮುಳ್ಳು. ಬೆರಳ ತುದಿಯಲ್ಲಿ ಇಟ್ಟುಕೊಂಡು ಎಷ್ಟೋ ಹೊತ್ತು ನೋಡಿದೆ. ಇಷ್ಟಕ್ಕಾ ಅಷ್ಟೊಂದು ಅನ್ನಿಸಿತು. ಆಮೇಲೆ ಬಿಸಾಡಿಬಿಟ್ಟೆ. ಅದು ತಪ್ಪು. ಒಣಗಿಸಿ ಡಬ್ಬಿಯಲ್ಲಿ ಹಾಕಿ ಲ್ಯಾಬಿಗೆ ಕೊಟ್ಟರೆ ಅದು ಯಾವ ಜಾತಿಯ ಕಲ್ಲು ಅಂತ ಹೇಳುತ್ತಾರೆ, ಮುಂದೆ ತಡೆಯುವ ದಾರಿ ಅದರ ಮೇಲೆ ನಿಂತಿದೆ.

ದಪ್ಪಕ್ಷರದಲ್ಲಿ ಬರೆಯಬೇಕಾದ ಒಂದು ಮಾತಿದೆ: ನೋವು ಹೋಯಿತು ಅಂದರೆ ಕಲ್ಲು ಹೋಯಿತು ಅಂತಲ್ಲ. ಕಲ್ಲು ನಾಳದಲ್ಲೇ ಕೂತು, ಕಿಡ್ನಿ ಸದ್ದಿಲ್ಲದೆ ಉಬ್ಬಿ, ತಿಂಗಳುಗಟ್ಟಲೆ ಹಾಗೇ ಇದ್ದರೆ ಆ ಕಿಡ್ನಿ ಸೊರಗಿಹೋಗುತ್ತದೆ. ಕಲ್ಲು ಕಣ್ಣಿಗೆ ಬಿದ್ದಿಲ್ಲದಿದ್ದರೆ ಮರು ಸ್ಕ್ಯಾನ್ ಮಾಡಿಸಲೇಬೇಕು.

ಹಂತ 5: ತೆಗೆಸಬೇಕಾಗಿ ಬಂದರೆ

ಹೆಸರುಗಳಿಗೆ ಹೆದರಬೇಡಿ, ಇರುವುದು ಮೂರೇ ದಾರಿ.

ಒಂದು, ಹೊರಗಿನಿಂದ ಶಾಕ್ ಅಲೆ ಬಿಟ್ಟು ಒಳಗಿನ ಕಲ್ಲನ್ನು ಪುಡಿ ಮಾಡುವ ಲಿಥೋಟ್ರಿಪ್ಸಿ. ಕೊಯ್ಯುವುದಿಲ್ಲ. ವಿಮಾನ ತಯಾರಿಸುತ್ತಿದ್ದ ಜರ್ಮನಿಯ ಡಾರ್ನಿಯರ್ ಕಂಪನಿಯ ಶಾಕ್ ಅಲೆ ಸಂಶೋಧನೆಯಿಂದ ಹುಟ್ಟಿದ ಯಂತ್ರ ಇದು, 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಬಳಸಿದರು. 2 ಸೆಂ.ಮೀ. ಒಳಗಿನ, ತೀರ ಗಟ್ಟಿಯಲ್ಲದ ಕಲ್ಲಿಗೆ ಸರಿ. ಪುಡಿ ಹೊರಬೀಳಲು ವಾರಗಳು ಬೇಕು, ಒಂದೇ ಸಲಕ್ಕೆ ಮುಗಿಯದೆಯೂ ಇರಬಹುದು. ಗರ್ಭಿಣಿಯರಿಗೆ ಮಾಡುವಂತಿಲ್ಲ.

ಎರಡು, ಮೂತ್ರದ ದಾರಿಯಲ್ಲೇ ಸಪೂರ ದುರ್ಬೀನು ಒಳಗೆ ಬಿಟ್ಟು ಲೇಸರ್‌ನಿಂದ ಒಡೆಯುವುದು. ನಾಳದ ಕಲ್ಲಿಗಾದರೆ ಯುಆರ್‌ಎಸ್, ಬಗ್ಗುವ ದುರ್ಬೀನಿನಿಂದ ಕಿಡ್ನಿಯೊಳಗೇ ಹೋದರೆ ಆರ್‌ಐಆರ್‌ಎಸ್. ನನಗೆ ಆದದ್ದು ಯುಆರ್‌ಎಸ್.

ಮೂರು, ಬೆನ್ನಲ್ಲಿ ಸುಮಾರು 1 ಸೆಂ.ಮೀ. ತೂತು ಮಾಡಿ ನೇರ ಕಿಡ್ನಿಗೆ ಇಳಿಯುವ ಪಿಸಿಎನ್‌ಎಲ್. 2 ಸೆಂ.ಮೀ. ದಾಟಿದ ಕಲ್ಲಿಗೆ, ಜಿಂಕೆ ಕೊಂಬಿನ ಹಾಗೆ ಕವಲೊಡೆದು ಕಿಡ್ನಿ ತುಂಬಿದ ಕಲ್ಲಿಗೆ ಇದೇ. ಹೊಟ್ಟೆ ಕೊಯ್ದು ತೆಗೆಯುವ ಹಳೇ ಆಪರೇಷನ್ ಈಗ ಬಹಳ ಅಪರೂಪ.

ಮೂರರಲ್ಲಿ ಯಾವುದಾದರೂ ಆದಮೇಲೆ ‘ಡಿಜೆ ಸ್ಟೆಂಟ್’ ಹಾಕಿರಬಹುದು. ಎರಡೂ ತುದಿ ಹಂದಿಬಾಲದಂತೆ ಸುರುಳಿ ಸುತ್ತಿದ ಮೆತ್ತನೆಯ ನಳಿಕೆ, ಒಂದು ತುದಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಚೀಲದಲ್ಲಿ. ಅದು ಇರುವಷ್ಟು ದಿನ ಪದೇ ಪದೇ ಒಂದಕ್ಕೆ ಅವಸರ ಆಗುತ್ತದೆ, ಮೂತ್ರ ಮಾಡುವಾಗ ಪಕ್ಕೆ ಹಿಡಿಯುತ್ತದೆ, ಓಡಾಡಿದರೆ ಸ್ವಲ್ಪ ಕೆಂಪು ಕಾಣುತ್ತದೆ. ಇಷ್ಟು ಮಾಮೂಲಿ.

ಮಾಮೂಲಿ ಅಲ್ಲದ್ದು, ಅದನ್ನು ಮರೆತುಬಿಡುವುದು. ನನಗೆ ಆಪರೇಷನ್ ಆದ ಖಾಸಗಿ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೆಂಟ್ ಹಾಕಿದ್ದು ಬರೆದಿತ್ತು, ಯಾವತ್ತು ತೆಗೆಸಬೇಕು ಅಂತ ಇರಲಿಲ್ಲ. ನಾನೂ ಕೇಳಲಿಲ್ಲ. ಅವಸ್ಥೆಗೆ ಒಗ್ಗಿಹೋಗಿ, ಸೀಸನ್ ಮುಗಿಯಲಿ ಅಂತ ದೂಡಿ, ಐದನೇ ತಿಂಗಳಿಗೆ ಹೋದೆ. ಅಷ್ಟರಲ್ಲಿ ನಳಿಕೆಯ ಮೇಲೇ ಕಲ್ಲು ಹೆಪ್ಪುಗಟ್ಟಿತ್ತು. ಹತ್ತು ನಿಮಿಷದಲ್ಲಿ ಮುಗಿಯಬೇಕಾದ ಕೆಲಸಕ್ಕೆ ಮತ್ತೊಂದು ಸಲ ಅರಿವಳಿಕೆ ಕೊಟ್ಟು, ಲೇಸರ್ ಹಿಡಿಯಬೇಕಾಯಿತು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತೆಗೆಯುತ್ತಾರೆ, ಮೂರು ತಿಂಗಳು ಮೀರಿಸಬಾರದು. ಡಿಸ್ಚಾರ್ಜ್ ಆಗುವಾಗ ತಾರೀಖು ಬರೆಸಿಕೊಂಡು ಮನೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ, ಎರಡು ಫೋನಿನಲ್ಲಿ ಅಲಾರಂ ಇಡಿ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷ ಮೀರದಂತೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಕೊಡುತ್ತಾರೆ. ನಮ್ಮ ಕಡೆಯವರಿಗೆ ಅಂದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ. ಬೆಂಗಳೂರಿಗೆ ಹೋಗಬೇಕಾದರೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಕಿಡ್ನಿ, ಮೂತ್ರಕೋಶದ ಕಾಯಿಲೆಗಳಿಗೆಂದೇ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಆಧಾರ್, ರೇಷನ್ ಕಾರ್ಡ್, ಹಳೇ ಸ್ಕ್ಯಾನ್ ಎಲ್ಲ ಒಂದೇ ಕವರಿನಲ್ಲಿ ಹಾಕಿಕೊಂಡು ಹೋಗಿ.

ಹಂತ 6: ಕುಡಿದ ನೀರಿನ ಲೆಕ್ಕ ಬಿಡಿ, ಮೂತ್ರ ಅಳೆಯಿರಿ

ಒಂದು ಸಲ ಕಲ್ಲು ಬಂದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ 5ರಿಂದ 10 ವರ್ಷದೊಳಗೆ ಮತ್ತೆ ಬರುತ್ತದೆ. ತಡೆಯುವ ದಾರಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನೀರು. ಇದು ಎಲ್ಲರಿಗೂ ಗೊತ್ತು. ‘ನಾನು ಬೇಕಾದಷ್ಟು ಕುಡಿತೀನಿ ಸಾರ್’ ಅಂತ ನಾನೂ ಡಾಕ್ಟರ ಮುಂದೆ ಹೇಳಿದ್ದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ‘ಒಂದು ದಿನ ಹೊರಗೆ ಎಷ್ಟು ಬರುತ್ತೆ ಅಳೆದು ತಗೊಂಡು ಬಾ’ ಅಂದರು.

ಅಳೆಯುವುದು ಹೀಗೆ. ಎರಡು ಲೀಟರಿನ ಹಳೇ ಬಾಟಲಿ ಎರಡು, ಒಂದು ಅಳತೆ ಜಗ್ಗು ಇಟ್ಟುಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಮೂತ್ರ ಬಿಟ್ಟುಬಿಡಿ, ಆ ಹೊತ್ತು ಬರೆದಿಟ್ಟುಕೊಳ್ಳಿ. ಅಲ್ಲಿಂದ ಮುಂದಿನ ಪ್ರತಿ ಸಲದ್ದೂ ಸೇರಿಸಿ, ಮಾರನೇ ದಿನ ಅದೇ ಹೊತ್ತಿನ ಮೊದಲ ಮೂತ್ರದ ತನಕ. ರಜಾ ದಿನ ಬೇಡ, ಕೆಲಸದ ದಿನವೇ ಮಾಡಿ. ನನ್ನದು ಎಷ್ಟಿತ್ತು ಗೊತ್ತಾ? 900 ಮಿಲಿ. ಬೇಕಾಗಿದ್ದದ್ದು 2.5 ಲೀಟರ್.

ಅಷ್ಟು ಹೊರಗೆ ಬರಬೇಕಾದರೆ ನೆರಳಿನಲ್ಲಿ ಕೂತು ಕೆಲಸ ಮಾಡುವವರಿಗೆ 3 ಲೀಟರ್ ಕುಡಿದರೆ ಆಗಬಹುದು. ಏಪ್ರಿಲ್ ಬಿಸಿಲಲ್ಲಿ ಟೊಮೆಟೊ ಬಿಡಿಸುವವರಿಗೆ, ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕಾಯಿ ಇಳಿಸುವವರಿಗೆ 4 ಲೀಟರೂ ಸಾಲದು, ಅರ್ಧ ಬೆವರಿಗೇ ಹೋಗುತ್ತದೆ. ‘ಇಷ್ಟು ಲೋಟ ಕುಡಿ’ ಅನ್ನುವ ಮಾತು ಕೆಲಸಕ್ಕೆ ಬಾರದೆ ಹೋಗುವುದು ಇಲ್ಲೇ. ಮೂತ್ರ ನೀರಿನ ಹಾಗೆ ತಿಳಿಯಾಗಿ, ಹೆಚ್ಚೆಂದರೆ ನಿಂಬೆ ಶರಬತ್ತಿನ ಬಣ್ಣದಲ್ಲಿ ಇರಬೇಕು. ಸಾಸಿವೆ ಎಣ್ಣೆ ಬಣ್ಣಕ್ಕೆ ತಿರುಗಿತು ಅಂದರೆ ತಡವಾಗಿದೆ.

ಹೊತ್ತು ಹಂಚಿಕೊಳ್ಳಿ. ಎದ್ದಾಗ ಅರ್ಧ ಲೀಟರ್, ಊಟಕ್ಕೂ ಊಟಕ್ಕೂ ನಡುವೆ ಒಂದೊಂದು ಲೀಟರ್, ಮಲಗುವ ಮುಂಚೆ ಒಂದು ದೊಡ್ಡ ಲೋಟ. ರಾತ್ರಿ ಒಂದಕ್ಕೆ ಎದ್ದರೆ ಮತ್ತೆ ಅರ್ಧ ಲೋಟ. ಮೂತ್ರ ದಟ್ಟವಾಗುವುದು ರಾತ್ರಿಯೇ, ಹರಳು ಕೂರುವುದಕ್ಕೆ ಅದಕ್ಕೆ ಪುರುಸೊತ್ತು ಸಿಗುವುದೂ ಆಗಲೇ. ಹೃದಯ ದುರ್ಬಲ ಇರುವವರು, ಕಿಡ್ನಿ ಕೆಲಸ ಕುಗ್ಗಿದವರು ಮಾತ್ರ ಡಾಕ್ಟರನ್ನು ಕೇಳಿಯೇ ನೀರು ಹೆಚ್ಚಿಸಬೇಕು.

‘ನಮ್ಮ ಬೋರ್‌ವೆಲ್ ನೀರೇ ಕಾರಣ’ ಅನ್ನುವವರು ನಮ್ಮಲ್ಲಿ ಮನೆಗೊಬ್ಬರು. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಜಿಲ್ಲೆ, ಸಾವಿರ ಅಡಿಗೂ ಕೆಳಗಿನ ನೀರು, ಪಾತ್ರೆ ತಳದಲ್ಲಿ ಬಿಳಿ ಪೊರೆ. ಅದನ್ನು ನೋಡಿದರೆ ಕಿಡ್ನಿಯಲ್ಲೂ ಹೀಗೇ ಕಟ್ಟುತ್ತದೆ ಅನ್ನಿಸುವುದು ಸಹಜ. ಆದರೆ ಪಾತ್ರೆಯದು ಕ್ಯಾಲ್ಸಿಯಂ ಕಾರ್ಬೊನೇಟ್, ಕಿಡ್ನಿಯದು ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್, ಅಂದರೆ ಕೆಲವು ಸೊಪ್ಪು, ಬೀಜಗಳಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಜೊತೆ ಸೇರಿ ಕಟ್ಟುವ ಹರಳು. ಗಡಸು ನೀರಿನಿಂದ ಕಲ್ಲು ಹೆಚ್ಚುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಫ್ಲೋರೈಡ್ ಇರುವ ಊರಲ್ಲಿ ಹಲ್ಲು, ಮೂಳೆಯ ಸಲುವಾಗಿ ಶುದ್ಧ ಘಟಕದ ನೀರು ಕುಡಿಯಲೇಬೇಕು, ಅದು ಬೇರೆ ಮಾತು. ಕಲ್ಲಿನ ಮಟ್ಟಿಗೆ, ನಾಣ್ಯ ಹಾಕಿ ಹಿಡಿದ ಕ್ಯಾನ್ ನೀರನ್ನು ‘ದುಡ್ಡಿನ ನೀರು’ ಅಂತ ಅಳೆದು ಅಳೆದು ಕುಡಿಯುತ್ತೇವಲ್ಲ, ಆ ಅಭ್ಯಾಸದ ಮೇಲೆ ನನಗೆ ಹೆಚ್ಚು ಅನುಮಾನ.

ಹಂತ 7: ತಟ್ಟೆ ಸರಿ ಮಾಡಿಕೊಳ್ಳುವುದು

ಕಲ್ಲು ಅಂದ ಕೂಡಲೇ ಊರವರು ಹೇಳುವ ಮೊದಲ ಮಾತು: ಟೊಮೆಟೊ ಬಿಡು, ರಾಗಿ ಬಿಡು, ಹಾಲು ಬಿಡು. ಕೋಲಾರದಲ್ಲಿ ಇದ್ದುಕೊಂಡು ಟೊಮೆಟೊ, ರಾಗಿ ಬಿಟ್ಟರೆ ಇನ್ನು ತಿನ್ನುವುದು ಏನನ್ನ ಅಲ್ವಾ?

ಟೊಮೆಟೊ ಪಾಪದ್ದು. ಅದರಲ್ಲಿ ಆಕ್ಸಲೇಟ್ ತೀರ ಕಮ್ಮಿ. ಬೀಜ ಹೋಗಿ ಕಿಡ್ನಿಯಲ್ಲಿ ಕೂರುತ್ತದೆ ಅನ್ನುವುದು ಕಥೆ, ಕರುಳಿನಿಂದ ಕಿಡ್ನಿಗೆ ಬೀಜ ಹೋಗುವ ದಾರಿಯೇ ಇಲ್ಲ.

ರಾಗಿಯದು ಸ್ವಲ್ಪ ಬಿಡಿಸಿ ಹೇಳಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಕಲ್ಲು ಕ್ಯಾಲ್ಸಿಯಂನದು, ರಾಗಿಯಲ್ಲಿ ಕ್ಯಾಲ್ಸಿಯಂ, ಹಾಗಾಗಿ ರಾಗಿ ಬೇಡ ಅನ್ನುವುದು ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ನಡೆಯುವುದು ಉಲ್ಟಾ. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಹೋಗುತ್ತದೆ. ಕ್ಯಾಲ್ಸಿಯಂ ಬಿಟ್ಟರೆ ಆ ಆಕ್ಸಲೇಟ್ ಹಿಡಿಯುವವರಿಲ್ಲದೆ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. ಇಟಲಿಯಲ್ಲಿ 120 ಗಂಡಸರನ್ನು ಐದು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2002ರಲ್ಲಿ ಬಂತು. ಕ್ಯಾಲ್ಸಿಯಂ ಕಡಿತ ಮಾಡಿದ 60 ಜನರಲ್ಲಿ 23 ಮಂದಿಗೆ ಕಲ್ಲು ಮರಳಿತು. ಕ್ಯಾಲ್ಸಿಯಂ ಮಾಮೂಲಿಯಾಗಿ ತಿಂದು, ಉಪ್ಪು ಮತ್ತು ಮಾಂಸ ಕಮ್ಮಿ ಮಾಡಿದ 60 ಜನರಲ್ಲಿ 12 ಮಂದಿಗೆ ಮಾತ್ರ. ಹಾಗಾಗಿ ಮುದ್ದೆ, ಹಾಲು, ಮೊಸರು ಇರಲಿ. ದಿನಕ್ಕೆ 1000 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ ಬೇಕೇ ಬೇಕು. ಕ್ಯಾಲ್ಸಿಯಂ ಮಾತ್ರೆ ಬರೆದಿದ್ದರೆ ಖಾಲಿ ಹೊಟ್ಟೆಗೆ ಬೇಡ, ಊಟದ ಜೊತೆ ನುಂಗಿ.

ನಿಜವಾದ ಕಿತಾಪತಿ ಇರುವುದು ನಮ್ಮ ಬಸ್ಸಾರಿನಲ್ಲಿ. ಪಾಲಕ್, ದಂಟು, ಹರಿವೆ ಸೊಪ್ಪುಗಳಲ್ಲಿ ಆಕ್ಸಲೇಟ್ ಜಾಸ್ತಿ. ಬೇಯಿಸಿದರೆ ಅದರಲ್ಲಿ ಒಳ್ಳೆ ಪಾಲು ನೀರಿಗೆ ಬಿಡುತ್ತದೆ, ಆ ನೀರು ಚೆಲ್ಲಿ ಸೊಪ್ಪು ತಿನ್ನಿ ಅಂತ ಡಯಟ್ ಚೀಟಿಯಲ್ಲಿ ಬರೆದಿರುತ್ತಾರೆ. ಆದರೆ ನಾವು ಮಾಡುವುದೇನು? ಸೊಪ್ಪು, ಕಾಳು ಬೇಯಿಸಿ ಬಸಿದು, ಆ ಬಸಿದ ಕಟ್ಟಿಗೇ ಖಾರ ಅರೆದು ಹಾಕಿ ಸಾರು ಮಾಡುತ್ತೇವೆ. ಚೆಲ್ಲಬೇಕಾದದ್ದೇ ಸಾರು! ನನ್ನ ಹೆಂಡತಿ ಈಗ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾಳೆ. ಬಸ್ಸಾರಿಗೆ ಹೆಸರುಕಾಳು, ಹುರುಳಿಕಾಯಿ, ಎಲೆಕೋಸು, ಕಾಲಕ್ಕೆ ಅವರೆಕಾಳು. ದಂಟಿನ ಸೊಪ್ಪು ತಂದ ದಿನ ಅದನ್ನು ಬೇರೆ ಬೇಯಿಸಿ, ನೀರು ಚೆಲ್ಲಿ, ಒಗ್ಗರಣೆ ಹಾಕಿ ಪಲ್ಯ. ಪಕ್ಕದಲ್ಲಿ ಒಂದು ಬಟ್ಟಲು ಮೊಸರು. ಬೀಟ್‌ರೂಟ್, ಕಡಲೆಕಾಯಿಬೀಜ, ಗೋಡಂಬಿ, ಚಾಕೊಲೇಟ್ ಇವುಗಳಲ್ಲೂ ಆಕ್ಸಲೇಟ್ ಇದೆ. ಪೂರ್ತಿ ಬಿಡಬೇಕಿಲ್ಲ, ಹಿಡಿಗಟ್ಟಲೆ ಬೇಡ. ನನ್ನ ಹಾಗೆ ದಿನಕ್ಕೆ ಏಳು ಟೀ ಕುಡಿಯುವವರು ಮೂರಕ್ಕೆ ಇಳಿಸಿ.

ಉಪ್ಪು. ಉಪ್ಪು ಜಾಸ್ತಿಯಾದರೆ ಕಿಡ್ನಿ ಅದನ್ನು ಹೊರಹಾಕುವಾಗ ಕ್ಯಾಲ್ಸಿಯಂನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಒಂದು ಟೀ ಚಮಚ. ಉಪ್ಪುಸಾರು, ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿದ ಮಜ್ಜಿಗೆ, ಸಂಜೆಯ ಬೋಂಡ ಸೇರಿಸಿ ನೋಡಿ, ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಇದು ನನಗೆ ಎಲ್ಲಕ್ಕಿಂತ ಕಷ್ಟವಾದ ಭಾಗ, ಇನ್ನೂ ಪೂರ್ತಿ ಗೆದ್ದಿಲ್ಲ.

ಮಾಂಸ ಬಿಡಬೇಕಿಲ್ಲ, ಆದರೆ ವಾರದಲ್ಲಿ ನಾಲ್ಕೈದು ದಿನ ಬಾಡೂಟ ಅಂದರೆ ಮೂತ್ರದಲ್ಲಿ ಯೂರಿಕ್ ಆಸಿಡ್ ಏರುತ್ತದೆ, ಕಲ್ಲು ತಡೆಯುವ ಸಿಟ್ರೇಟ್ ಇಳಿಯುತ್ತದೆ. ಆ ಸಿಟ್ರೇಟ್ ನಿಂಬೆಹಣ್ಣಿನಲ್ಲಿ ಧಾರಾಳವಾಗಿದೆ. ದಿನಕ್ಕೆ ಎರಡು ನಿಂಬೆಹಣ್ಣು ನೀರಿಗೆ ಹಿಂಡಿ ಕುಡಿಯಿರಿ, ಉಪ್ಪು ಬೇಡ, ಸಕ್ಕರೆ ಬೇಡ. ಕೋಲಾ ಬೇಡ. ದಿನಾ 1000 ಮಿ.ಗ್ರಾಂ ವಿಟಮಿನ್ ಸಿ ಮಾತ್ರೆ ತಿನ್ನುವವರಿದ್ದರೆ ನಿಲ್ಲಿಸಿ, ಅದರಲ್ಲೊಂದು ಪಾಲು ದೇಹದಲ್ಲಿ ಆಕ್ಸಲೇಟ್ ಆಗುತ್ತದೆ.

ಬಾಳೆದಿಂಡು, ಹುರುಳಿಕಟ್ಟು, ಬಿಯರ್

ಎಲ್ಲರೂ ಕೇಳುವುದು ಇದನ್ನೇ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಕರಗಿಸುವ ಔಷಧಿ ಈವರೆಗೆ ಯಾವ ಪದ್ಧತಿಯಲ್ಲೂ ಸಾಬೀತಾಗಿಲ್ಲ. ಔಷಧಿಯಿಂದ ಚೆನ್ನಾಗಿ ಕರಗುವುದು ಯೂರಿಕ್ ಆಸಿಡ್ ಕಲ್ಲು. ಸಿಟ್ರೇಟ್ ಸಿರಪ್ ಕೊಟ್ಟು ಮೂತ್ರದ ಪಿಎಚ್ (ಹುಳಿಯ ಅಳತೆ, ಏರಿದಷ್ಟೂ ಹುಳಿ ಕಮ್ಮಿ) 6.5 ಮತ್ತು 7ರ ನಡುವೆ ಬರುವ ಹಾಗೆ ಏರಿಸಿ ಕರಗಿಸುತ್ತಾರೆ. ಬಾಳೆದಿಂಡಿನ ರಸದಿಂದ ಕಲ್ಲು ಬಿತ್ತು ಅನ್ನುವವರದು ಬಹುಶಃ ತಾನಾಗೇ ಬೀಳುವ 4 ಮಿ.ಮೀ. ಕಲ್ಲೇ ಆಗಿರುತ್ತದೆ. ನೀರಿನಂಶ ಅಂತ ಕುಡಿದರೆ ತೊಂದರೆ ಇಲ್ಲ. ಕಿಡ್ನಿ ಕೆಲಸ ಕುಗ್ಗಿದವರು ಮಾತ್ರ ಕುಡಿಯಬಾರದು, ಅದರ ಪೊಟ್ಯಾಸಿಯಂ ಅವರಿಗೆ ಅಪಾಯ. ಸಿಟ್ರೇಟ್ ಸಿರಪ್ಪಿಗೂ ಇದೇ ಮಾತು. ಹುರುಳಿ ಸಾರು ಊಟವಾಗಿ ಚೆನ್ನಾಗಿದೆ, ಉಣ್ಣಿ. ಬಿಯರ್ ಮೂತ್ರ ಹೆಚ್ಚಿಸುತ್ತದೆ ನಿಜ, ಆಮೇಲೆ ಮೈ ಒಣಗಿಸುತ್ತದೆ, ಯೂರಿಕ್ ಆಸಿಡನ್ನೂ ಏರಿಸುತ್ತದೆ. ಅದಕ್ಕೆ ಔಷಧಿಯ ನೆಪ ಬೇಡ.

ಇವುಗಳಿಂದ ಆಗುವ ದೊಡ್ಡ ನಷ್ಟ ಕಾಲದ್ದು. ಅಡ್ಡ ನಿಂತ 9 ಮಿ.ಮೀ. ಕಲ್ಲಿಗೆ ಮೂರು ತಿಂಗಳು ರಸ ಕುಡಿಯುತ್ತಾ ಕೂತರೆ ಅಷ್ಟರಲ್ಲಿ ಕಿಡ್ನಿ ಸೋತಿರುತ್ತದೆ.

ಹಂತ 8: ಆಮೇಲೂ ಬಿಡಬಾರದ ಪರೀಕ್ಷೆಗಳು

ಎರಡನೇ ಸಲ ಬಂದವರು, ಚಿಕ್ಕ ವಯಸ್ಸಿನಲ್ಲೇ ಬಂದವರು, ಅಪ್ಪ ಅಣ್ಣತಮ್ಮಂದಿರಿಗೆ ಇದ್ದವರು, ಎರಡೂ ಕಿಡ್ನಿಯಲ್ಲಿ ಕಲ್ಲಿರುವವರು ಡಾಕ್ಟರನ್ನು ಕೇಳಿ 24 ಗಂಟೆಯ ಮೂತ್ರವನ್ನು ಲ್ಯಾಬಿಗೆ ಕೊಡಿ. ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಸಿಡ್, ಸಿಟ್ರೇಟ್, ಸೋಡಿಯಂ ಎಷ್ಟೆಷ್ಟು ಹೋಗುತ್ತಿದೆ ಅಂತ ತಿಳಿಯುತ್ತದೆ. ಜೊತೆಗೆ ರಕ್ತದ ಕ್ಯಾಲ್ಸಿಯಂ. ಅದು ಏರಿದ್ದರೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲಿ ಗಂಟು ಇರಬಹುದು, ಆಗ ಎಷ್ಟು ನೀರು ಕುಡಿದರೂ ಕಲ್ಲು ಬರುತ್ತಲೇ ಇರುತ್ತದೆ. ಗಂಟು ತೆಗೆಯುವುದೇ ಅದಕ್ಕೆ ಮದ್ದು. ಸೋಂಕಿನಿಂದ ಕಟ್ಟುವ ಕಲ್ಲಿಗೆ ಸೋಂಕನ್ನೇ ಬೇರು ಸಮೇತ ತೆಗೆಯಬೇಕು, ತುಣುಕು ಉಳಿದರೆ ಮತ್ತೆ ಬೆಳೆಯುತ್ತದೆ.

ನನ್ನ ಎರಡನೇ ಕಲ್ಲಿನ ಚೂರುಗಳನ್ನು ಲ್ಯಾಬಿಗೆ ಕೊಟ್ಟೆ. ಕ್ಯಾಲ್ಸಿಯಂ ಆಕ್ಸಲೇಟ್. 24 ಗಂಟೆಯ ಮೂತ್ರದಲ್ಲಿ ಸೋಡಿಯಂ ಜಾಸ್ತಿ, ಸಿಟ್ರೇಟ್ ಕಮ್ಮಿ. ಅಂದರೆ ಉಪ್ಪಿನಕಾಯಿ ಮತ್ತು ನಿಂಬೆಹಣ್ಣಿನ ಲೆಕ್ಕ. ಆರು ತಿಂಗಳಿಗೊಂದು ಸ್ಕ್ಯಾನ್, ಎರಡು ಸಲ ಕ್ಲೀನ್ ಬಂದ ಮೇಲೆ ವರ್ಷಕ್ಕೊಂದು. ಈಗ ಮಂಡಿಯಲ್ಲಿ ತಕ್ಕಡಿ ಪಕ್ಕ ಎರಡು ಲೀಟರಿನ ಬಾಟಲಿ ಇರುತ್ತದೆ, ಹರಾಜಿನ ನಡುವೆ ಎರಡು ಸಲ ಪುಸ್ತಕವನ್ನು ಪಕ್ಕದ ಹುಡುಗನ ಕೈಗೆ ಕೊಟ್ಟು ಎದ್ದು ಹೋಗುತ್ತೇನೆ. ಒಂದೆರಡು ಕ್ರೇಟು ಲೆಕ್ಕ ತಪ್ಪಿದ್ದೂ ಇದೆ. ಹೋದ ಮೇ ತಿಂಗಳಲ್ಲಿ ಮತ್ತೆ ಬಾಟಲಿ ಹಿಡಿದು ಅಳೆದೆ, 2.3 ಲೀಟರ್ ಬಂತು. ಇನ್ನೊಂದು ಲೋಟ ಬಾಕಿ ಇದೆ.